ಕೀಲಿಮಣೆ ಇಲ್ಲಿ, ಕೆಲಸ ಅಲ್ಲಿ

ಮೇಜಿನ ಮೇಲಿನ ಎಡಿಟರ್‌ನಲ್ಲಿ ಒತ್ತಿದ ಒಂದು ಕೀ ಸಾವಿರಾರು ಕಿಲೋಮೀಟರ್ ಆಚೆಯ ಡೇಟಾಬೇಸನ್ನು ಕಟ್ಟಬಲ್ಲದು, ಅಳಿಸಲೂಬಲ್ಲದು. ದೂರದ ಕಂಪ್ಯೂಟರನ್ನು ಕೈಗೆಟುಕುವಂತೆ ಮಾಡಿದ ಎಸ್‌ಎಸ್‌ಎಚ್‌ಗೆ ಮೂವತ್ತು ತುಂಬಿದೆ. ದೂರದ ತೊಡಕು ಹೋಗಲಿ, ಅರಿವು ಮಾತ್ರ ಉಳಿಯಲಿ!

1968ರ ಡಿಸೆಂಬರ್ 9, ಸೋಮವಾರ. ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನ ಸಭಾಂಗಣದಲ್ಲಿ ಸುಮಾರು ಸಾವಿರ ಮಂದಿ ಕಂಪ್ಯೂಟರ್ ತಜ್ಞರು ಸೇರಿದ್ದಾರೆ. ವೇದಿಕೆಯ ಮೇಲೆ ಬಿಳಿ ಅಂಗಿ, ಟೈ ತೊಟ್ಟು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತವರು ಡಗ್ಲಸ್ ಎಂಗೆಲ್‌ಬಾರ್ಟ್. ಮುಂದೆ ಕೀಲಿಮಣೆ, ಬಲಗೈಯಲ್ಲಿ ಮೌಸ್ ಎಂಬ ಹೊಸ ಸಾಧನ. ಅವರು ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿಯೊಂದನ್ನು ಟೈಪ್ ಮಾಡುತ್ತಾರೆ. ಸಾಲುಗಳನ್ನು ಎತ್ತಿ ಬೇರೆಡೆ ಇಡುತ್ತಾರೆ, ಗುಂಪು ಕಟ್ಟುತ್ತಾರೆ, ಮಡಚುತ್ತಾರೆ, ಬಿಚ್ಚುತ್ತಾರೆ. ಹಿಂದಿನ ದೊಡ್ಡ ತೆರೆಯ ಮೇಲೆ ಅಕ್ಷರಗಳು ಅವರ ಬೆರಳಿನ ಹಿಂದೆಯೇ ಓಡಾಡುತ್ತವೆ. ಆದರೆ ಆ ಅಕ್ಷರಗಳನ್ನು ನಿಭಾಯಿಸುತ್ತಿದ್ದ ಕಂಪ್ಯೂಟರ್ ಸಭಾಂಗಣದಲ್ಲಿರಲಿಲ್ಲ. ಅದು ಸುಮಾರು 48 ಕಿ.ಮೀ. ದೂರದ ಮೆನ್ಲೊ ಪಾರ್ಕ್‌ನ ಸಂಶೋಧನಾ ಕೇಂದ್ರದಲ್ಲಿದ್ದ ಎಸ್‌ಡಿಎಸ್ 940 ಯಂತ್ರ. ಬೆರಳಿನ ಒತ್ತು ಮೋಡೆಮ್ ಮೂಲಕ ಅಲ್ಲಿಗೆ ಹೋಗುತ್ತಿತ್ತು, ಪರದೆಯ ಚಿತ್ರ ಮೈಕ್ರೋವೇವ್ ಮಾರ್ಗವಾಗಿ ಇಲ್ಲಿಗೆ ಬರುತ್ತಿತ್ತು.

ಆ 90 ನಿಮಿಷದ ಪ್ರದರ್ಶನವನ್ನು ಮೌಸ್‌ನ ಚೊಚ್ಚಲ ದರ್ಶನವೆಂದು ನೆನೆಯುವವರೇ ಹೆಚ್ಚು. ಅದಕ್ಕಿಂತ ದೊಡ್ಡದೊಂದು ಸಂಗತಿ ಅಲ್ಲಿ ನಡೆದಿತ್ತು. ಬರೆಯುವ ಜಾಗವೂ ಕೆಲಸ ನಡೆಯುವ ಜಾಗವೂ ಒಂದೇ ಆಗಿರಬೇಕಿಲ್ಲ ಎಂಬುದು ಕಣ್ಣೆದುರೇ ಸಾಬೀತಾಗಿತ್ತು. ಇಂದು ಬೆಂಗಳೂರಿನ ಎಂಜಿನಿಯರ್ ಒಬ್ಬಳು ತನ್ನ ಲ್ಯಾಪ್‌ಟಾಪಿನ ಎಡಿಟರ್‌ನಲ್ಲಿ ಫೈಲ್ ತೆರೆದು, ಎರಡು ಸಾಲು ತಿದ್ದಿ, ಅಲ್ಲಿಂದಲೇ ಕಮಾಂಡ್ ಕೊಟ್ಟಾಗ ಫೈಲ್ ಇರುವುದೂ ಕಮಾಂಡ್ ನಡೆಯುವುದೂ ಅಮೆರಿಕದ ಯಾವುದೋ ಡೇಟಾ ಸೆಂಟರ್‌ನಲ್ಲಿರಬಹುದು. ಅವಳ ಪರದೆ ನೋಡಿದರೆ ಅದು ತಿಳಿಯುವುದು ಕಷ್ಟ. ಉಪಕರಣ ಮಾಡಿದವರು ಇದನ್ನೇ ತಮ್ಮ ಗೆಲುವೆಂದು ಹೇಳಿಕೊಳ್ಳುತ್ತಾರೆ. ಅರ್ಧ ಗೆಲುವು ನಿಜ. ದೂರದಿಂದ ಹುಟ್ಟುವ ವಿಳಂಬವನ್ನೂ ಶ್ರಮವನ್ನೂ ಅಳಿಸಿದ್ದು ದೊಡ್ಡ ಸಾಧನೆ. ಅದರ ಜೊತೆಗೇ ದೂರವಿದೆ ಎಂಬ ಅರಿವನ್ನೂ ಅಳಿಸಿದ್ದು ಅಪಾಯಕಾರಿ. ಇವು ಬೇರೆ ಬೇರೆ ಕೆಲಸಗಳು, ಮೊದಲನೆಯದಕ್ಕೆ ಎರಡನೆಯದು ಅನಿವಾರ್ಯವೂ ಅಲ್ಲ. ಐದು ದಶಕಗಳ ಅನುಭವ ಹೇಳುವುದು ಅದನ್ನೇ.

ಒಂದು ಪರದೆ ತುಂಬಲು ಒಂದು ನಿಮಿಷ

ಮೊದಮೊದಲು ದೂರವನ್ನು ಮರೆಯಲು ಯಾರಿಗೂ ಸಾಧ್ಯವಿರಲಿಲ್ಲ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಅದೇ ಮೆನ್ಲೊ ಪಾರ್ಕ್‌ನ ಯಂತ್ರಕ್ಕೆ ಆರ್ಪಾನೆಟ್ ಮೂಲಕ ಲಾಗಿನ್ ಆಗಲು ಹೊರಟ. ಆಚೆ ತುದಿಯಲ್ಲಿ ಬಿಲ್ ಡುವಾಲ್. ಇಬ್ಬರೂ ಫೋನ್ ಹಿಡಿದು, ಪ್ರತಿ ಅಕ್ಷರವೂ ಬಂತೇ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಎರಡು ಅಕ್ಷರ ತಲುಪಿದವು, ಮೂರನೆಯದಕ್ಕೆ ಆಚೆಯ ಯಂತ್ರ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಪೂರ್ತಿ ಲಾಗಿನ್ ಸಾಧ್ಯವಾಯಿತು. ಇಂಟರ್‌ನೆಟ್‌ನ ಪೂರ್ವಜನ ಮೊದಲ ಸಂದೇಶವೇ ದೂರದ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವ ಪ್ರಯತ್ನವಾಗಿತ್ತು.

ಆ ಕಾಲದ ದೂರವೇ ಎಡಿಟರ್‌ಗಳ ಸ್ವಭಾವವನ್ನೂ ರೂಪಿಸಿತು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರ ಹೊತ್ತಿಗೆ ರೂಪಿಸಿದ ವಿಐ ಎಡಿಟರ್ ಇದಕ್ಕೆ ಒಳ್ಳೆಯ ಸಾಕ್ಷಿ. ಅವರು ಕೆಲಸ ಮಾಡುತ್ತಿದ್ದುದು 300 ಬಾಡ್ ವೇಗದ ಮೋಡೆಮ್ ಮೇಲೆ. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲಿನ ಪರದೆಯೊಂದನ್ನು ಹೊಸದಾಗಿ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಅಂಥ ದಾರಿಯಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಹಾಗಾಗಿಯೇ ವಿಐನಲ್ಲಿ ಒಂದೆರಡು ಅಕ್ಷರದ ಕಮಾಂಡ್‌ಗಳು: ಪದ ಅಳಿಸಲು ಎರಡು ಕೀ, ಸಾಲು ಅಳಿಸಲು ಎರಡು ಕೀ. ಎಡಿಟರ್ ಬಿಟ್ಟು ಹೊರಬಾರದೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಯಾವುದೇ ಕಮಾಂಡ್ ರನ್ ಮಾಡುವ ಸೌಲಭ್ಯವೂ ಇತ್ತು. ಇಂದಿನ ಹೊಸಬರಿಗೆ ಈ ಎಡಿಟರ್ ಕಠಿಣವೆನಿಸಬಹುದು. ಅದರ ಬಿಗುಪು ಸೋಮಾರಿತನದಿಂದ ಬಂದದ್ದಲ್ಲ, ಜಂಬದಿಂದಲೂ ಅಲ್ಲ. ದೂರದ ಲೆಕ್ಕ ಇಟ್ಟುಕೊಂಡೇ ಅದನ್ನು ಕಟ್ಟಲಾಗಿತ್ತು. ಅಂದು ಎಡಿಟರ್ ಪೂರ್ತಿಯಾಗಿ ದೂರದ ಯಂತ್ರದೊಳಗೇ ಇರುತ್ತಿತ್ತು. ಇತ್ತ ಬಳಕೆದಾರನ ಮುಂದೆ ಇದ್ದದ್ದು ಗಾಜು ಮತ್ತು ಕೀಲಿ ಅಷ್ಟೇ. ಎಲ್ಲಿದ್ದೇನೆ ಎಂಬ ಗೊಂದಲಕ್ಕೆ ಎಡೆಯೇ ಇರಲಿಲ್ಲ.

1983ರಲ್ಲಿ ಬರ್ಕ್ಲಿ ಯೂನಿಕ್ಸ್‌ನ 4.2 ಆವೃತ್ತಿ ಆರ್‌ಲಾಗಿನ್, ಆರ್‌ಎಸ್‌ಎಚ್ ಎಂಬ ಸಲಕರಣೆಗಳನ್ನು ತಂದಿತು. ಒಂದು ಯಂತ್ರ ಇನ್ನೊಂದನ್ನು ನಂಬಿದರೆ ಪಾಸ್‌ವರ್ಡ್ ಕೂಡ ಬೇಡ. ಒಂದೇ ಸಾಲಿನಲ್ಲಿ ದೂರದ ಕಮಾಂಡ್ ನಡೆದು ಉತ್ತರ ಬರುತ್ತದೆ. ಕೆಲಸ ಸಲೀಸಾಯಿತು, ದೂರದ ಅರಿವು ಮೊದಲ ಬಾರಿಗೆ ಮಸುಕಾಯಿತು. ಅದರ ಬೆಲೆ 1988ರ ನವೆಂಬರ್ 2ರಂದು ತಿಳಿಯಿತು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು ಹರಡಲು ಬಳಸಿಕೊಂಡ ದಾರಿಗಳಲ್ಲಿ ಈ ಪರಸ್ಪರ ನಂಬಿಕೆಯೂ ಒಂದು. ಆಗಿನ ಇಂಟರ್‌ನೆಟ್‌ನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಅದಕ್ಕೆ ತುತ್ತಾದವೆಂಬುದು ಅಂದಿನ ಅಂದಾಜು. ಇತ್ತ ದೂರದ ಲಾಗಿನ್‌ಗೆ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್‌ಗಳು ಯಾವ ಮುಸುಕೂ ಇಲ್ಲದೆ ತಂತಿಯ ಮೇಲೆ ಹರಿಯುತ್ತಿದ್ದವು. ದಾರಿಯಲ್ಲಿ ಕಿವಿಗೊಟ್ಟವರಿಗೆಲ್ಲ ಕೇಳಿಸುತ್ತಿದ್ದವು.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆಯೇ ಪಾಸ್‌ವರ್ಡ್‌ಗಳನ್ನು ಕದ್ದರು. ಅಲ್ಲಿನ ಸಂಶೋಧಕ ತಾತು ಉಲೋನೆನ್ ಅದಕ್ಕೆ ಉತ್ತರವಾಗಿ ಬರೆದದ್ದೇ ಎಸ್‌ಎಸ್‌ಎಚ್. ಸಂಭಾಷಣೆಯೆಲ್ಲ ಗೂಢಲಿಪಿಯಲ್ಲಿ ಸಾಗುವ ಈ ತಂತ್ರಾಂಶವನ್ನು ಅದೇ ಜುಲೈನಲ್ಲಿ ಉಚಿತವಾಗಿ ಹಂಚಿದರು. ವರ್ಷ ಮುಗಿಯುವಷ್ಟರಲ್ಲಿ 50 ದೇಶಗಳ 20,000 ಮಂದಿ ಅದನ್ನು ಬಳಸುತ್ತಿದ್ದರು. ಎಸ್‌ಎಸ್‌ಎಚ್‌ನಲ್ಲಿ ಗೌರವಿಸಬೇಕಾದ ಇನ್ನೊಂದು ಗುಣವಿದೆ. ಹೊಸ ಯಂತ್ರಕ್ಕೆ ಮೊದಲ ಸಲ ಹೋದಾಗ ಅದು ನಿಂತು ಕೇಳುತ್ತದೆ: ಈ ಯಂತ್ರದ ಬೆರಳಚ್ಚು ಇದು, ನೀವು ಹುಡುಕುತ್ತಿರುವುದು ಇದನ್ನೇ ತಾನೇ? ದೂರದ ಅರಿವನ್ನು ಸಲಕರಣೆಯೇ ಎತ್ತಿ ತೋರಿಸುವ ಗಳಿಗೆ ಅದು. ಬಹುಪಾಲು ಜನ ಓದದೆಯೇ ಹೌದು ಎಂದು ಒತ್ತಿ ಮುಂದೆ ಹೋಗುತ್ತಾರೆ ಎಂಬುದು ಬೇಸರದ ಸಂಗತಿ.

ಚೌಕಟ್ಟು: 22ನೇ ಬಾಗಿಲು
ಜಾಲದ ಪ್ರತಿ ಸೇವೆಗೂ ಪೋರ್ಟ್ ಎಂಬ ಒಂದು ಸಂಖ್ಯೆ ಬೇಕು. ಫೈಲ್ ಸಾಗಿಸುವ ಹಳೆಯ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23. ಎರಡರ ಜಾಗವನ್ನೂ ತುಂಬಲು ಹೊರಟಿದ್ದ ಉಲೋನೆನ್ 1995ರ ಜುಲೈನಲ್ಲಿ ಒಂದು ಇಮೇಲ್ ಬರೆದು ನಡುವಿನ 22 ಕೇಳಿದರು. ಸಂಖ್ಯೆ ಕೂಡಲೇ ಸಿಕ್ಕಿತು. ಇಂದು ಜಗತ್ತಿನ ಹೆಚ್ಚಿನ ಸರ್ವರ್‌ಗಳಲ್ಲಿರುವ ಓಪನ್‌ಎಸ್‌ಎಸ್‌ಎಚ್ 1999ರ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 2.6ರ ಜೊತೆ ಬಂತು.

ಎಡಿಟರ್ ತಾನೇ ಹೊರಟಾಗ

ಎಸ್‌ಎಸ್‌ಎಚ್ ದಾರಿ ಹಾಕಿತು. ಆದರೆ ದೂರದ ಯಂತ್ರಕ್ಕೆ ಲಾಗಿನ್ ಆದಾಗ ಅಲ್ಲಿ ಸಿಗುವ ಎಡಿಟರ್ ಬೇರೆ, ನಮ್ಮ ಕೈಗೆ ಒಗ್ಗಿದ ಎಡಿಟರ್ ಬೇರೆ. ಫೈಲನ್ನು ಇಲ್ಲಿಗೆ ತಂದು, ತಿದ್ದಿ, ಮತ್ತೆ ಕಳಿಸುವುದು ತಲೆನೋವು. ಈ ತೊಡಕನ್ನು ಚೊಕ್ಕವಾಗಿ ಬಿಡಿಸಿದ್ದು ಈಮ್ಯಾಕ್ಸ್ ಎಡಿಟರ್‌ನ ಟ್ರ್ಯಾಂಪ್ ಎಂಬ ಅಂಗ. 1990ರ ದಶಕದ ಕೊನೆಯಲ್ಲಿ ಕೈ ಗ್ರೋಸ್‌ಯೋಹಾನ್ ಅದನ್ನು ಆರಂಭಿಸಿದರು, ಮೈಕೆಲ್ ಆಲ್ಬಿನಸ್ ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ, 2007ರಲ್ಲಿ ಅದು ಈಮ್ಯಾಕ್ಸ್‌ನ 22.1 ಆವೃತ್ತಿಯೊಳಗೆ ಸೇರಿತು. ಫೈಲಿನ ಹೆಸರಿನ ಮುಂದೆ ಎಸ್‌ಎಸ್‌ಎಚ್ ಎಂದೂ ಯಂತ್ರದ ಹೆಸರೂ ಸೇರಿಸಿದರೆ ಸಾಕು, ಅದು ಪಕ್ಕದ ಕಡತದಂತೆ ತೆರೆಯುತ್ತದೆ. ದೂರದ ಯಂತ್ರದಲ್ಲಿ ಹೊಸದೇನನ್ನೂ ಸ್ಥಾಪಿಸಬೇಕಿಲ್ಲ. ಅಲ್ಲಿ ಕಮಾಂಡ್ ಸ್ವೀಕರಿಸುವ ಶೆಲ್‌ಗೆ ಟ್ರ್ಯಾಂಪ್ ಸಾಮಾನ್ಯ ಕಮಾಂಡ್‌ಗಳನ್ನೇ ಕೊಟ್ಟು ಫೈಲಿನ ಗಾತ್ರ, ಹಕ್ಕು, ಒಳಗಿನ ಪಠ್ಯ ಎಲ್ಲ ತಿಳಿದುಕೊಳ್ಳುತ್ತದೆ. ಐವತ್ತು ವರ್ಷಕ್ಕೂ ಹಳೆಯ ಯೂನಿಕ್ಸ್ ಸಂಪ್ರದಾಯದ ಮೇಲೆ ನಿಂತ ಈ ಸರಳತೆ ನಿಜಕ್ಕೂ ಸುಂದರ.

ಟ್ರ್ಯಾಂಪ್‌ನ ನಿಜವಾದ ಬಲ ಕಾಣುವುದು ಕಮಾಂಡ್ ಕೊಟ್ಟಾಗ. ದೂರದ ಫೈಲ್ ಕರ್ಸರ್‌ನ ಕೆಳಗಿದ್ದಾಗ ಕಂಪೈಲ್ ಎಂದರೆ ಕಂಪೈಲ್ ನಡೆಯುವುದು ಆ ಯಂತ್ರದಲ್ಲಿ. ಶೆಲ್ ತೆರೆದರೆ ತೆರೆಯುವುದು ಆ ಯಂತ್ರದ ಶೆಲ್. ಹುಡುಕಾಟ, ಡೈರೆಕ್ಟರಿ ಪಟ್ಟಿ, ಗಿಟ್ ಎಲ್ಲವೂ ಅಲ್ಲೇ. ಪಕ್ಕದ ಕಿಟಕಿಯಲ್ಲಿ ಸ್ಥಳೀಯ ಫೈಲ್ ಇದ್ದರೆ ಅದೇ ಕೀಲಿಗಳು ಈ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತವೆ. ಅಂದರೆ ಕಮಾಂಡ್ ಎಲ್ಲಿ ನಡೆಯಬೇಕೆಂದು ನಿರ್ಧರಿಸುವುದು ಕರ್ಸರ್ ಯಾವ ಕಿಟಕಿಯಲ್ಲಿದೆ ಎಂಬುದು. ಈ ವ್ಯತ್ಯಾಸ ತೋರಿಸಲು ಈಮ್ಯಾಕ್ಸ್ ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಗುರುತು ಇಡುತ್ತದೆ: ದೂರದ್ದಾದರೆ ಇಮೇಲ್ ವಿಳಾಸದ ನಡುವೆ ಬರುವ ಆಟ್ ಚಿಹ್ನೆ, ಇಲ್ಲಿಯದಾದರೆ ಪುಟ್ಟ ಅಡ್ಡಗೆರೆ. ಗುರುತು ಇಟ್ಟಿದ್ದಾರೆಂಬುದು ಮೆಚ್ಚತಕ್ಕದ್ದು. ಆದರೆ ಎರಡು ಯಂತ್ರಗಳ ನಡುವಿನ ಅಂತರವನ್ನೆಲ್ಲ ಒಂದೇ ಅಕ್ಷರದ ಹೆಗಲಿಗೆ ಹೇರುವುದು ಸಲ್ಲದು.

ಟ್ರ್ಯಾಂಪ್‌ಗೆ ಇನ್ನೊಂದು ಮಿತಿಯಿದೆ. ಪ್ರತಿ ಸಣ್ಣ ವಿಚಾರಣೆಗೂ ಅದು ದೂರದ ಯಂತ್ರದವರೆಗೆ ಹೋಗಿ ಬರಬೇಕು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿ ನೇರ ರೇಖೆಯಲ್ಲೇ ಸುಮಾರು 13,000 ಕಿ.ಮೀ. ಹೋಗಿ ಬರಲು ಸೆಕೆಂಡಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಬೇಕೇ ಬೇಕು. ಕೇಬಲ್‌ನ ಸುತ್ತುದಾರಿ ಸೇರಿದರೆ ಇನ್ನೂ ಹೆಚ್ಚು. ಹತ್ತು ವಿಚಾರಣೆಯಾದರೆ ಕೈ ನಿಲ್ಲುತ್ತದೆ. ಮೈಕ್ರೋಸಾಫ್ಟ್ 2019ರ ಮೇನಲ್ಲಿ ವಿಎಸ್ ಕೋಡ್ ಎಡಿಟರ್‌ಗೆ ತಂದ ರಿಮೋಟ್ ಸೌಲಭ್ಯ ಇದಕ್ಕೆ ಬೇರೆಯೇ ಉಪಾಯ ಹೂಡಿತು. ಎಡಿಟರನ್ನೇ ಎರಡು ಹೋಳು ಮಾಡಿ ಪರದೆ, ಕೀಲಿ, ಅಕ್ಷರಗಳನ್ನು ಇಲ್ಲಿ ಉಳಿಸಿಕೊಂಡು, ಹುಡುಕಾಟ, ಕೋಡ್ ಪರಿಶೀಲನೆ, ಟರ್ಮಿನಲ್‌ಗಳನ್ನು ಅಲ್ಲಿಗೆ ಕಳಿಸಿತು. ಮೊದಲ ಸಂಪರ್ಕದಲ್ಲೇ ಎಸ್‌ಎಸ್‌ಎಚ್ ಮೂಲಕ ಒಂದು ಸರ್ವರ್ ತಂತ್ರಾಂಶ ದೂರದ ಯಂತ್ರಕ್ಕೆ ಇಳಿದು ಕೂರುತ್ತದೆ. ಟೈಪಿಂಗ್ ಇಲ್ಲೇ ನಡೆಯುವುದರಿಂದ ವಿಳಂಬ ಕಾಣದು. ಕೆಳಗಿನ ಎಡ ಮೂಲೆಯಲ್ಲಿ ಬಣ್ಣದ ಪಟ್ಟಿಯೊಂದು ಯಂತ್ರದ ಹೆಸರು ತೋರಿಸುತ್ತದೆ. ಈಮ್ಯಾಕ್ಸ್‌ನ ಒಂದಕ್ಷರಕ್ಕಿಂತ ಇದು ವಾಸಿ.

ಈ ಉಪಾಯಕ್ಕೂ ಬೆಲೆಯಿದೆ. ದೂರದ ಯಂತ್ರ ಇನ್ನು ಕೇವಲ ಶೆಲ್ ಅಲ್ಲ, ಎಡಿಟರ್‌ನ ಅರ್ಧ ದೇಹಕ್ಕೆ ನೆಲೆ. 2024ರ ಆರಂಭದಲ್ಲಿ ವಿಎಸ್ ಕೋಡ್‌ನ 1.86 ಆವೃತ್ತಿ ಆ ಸರ್ವರ್‌ಗೆ ಹೊಸ ಸಿಸ್ಟಂ ಲೈಬ್ರರಿ ಬೇಕೆಂದಾಗ ಉಬುಂಟು 18.04ರಂಥ ಹಳೆಯ ಲಿನಕ್ಸ್ ಯಂತ್ರಗಳಿಗೆ ಹೋಗುವ ದಾರಿ ಏಕಾಏಕಿ ಮುಚ್ಚಿತು. ಪ್ರತಿಭಟನೆ ಎದ್ದ ಮೇಲೆ ಕಂಪನಿ ಕೆಲಕಾಲದ ರಿಯಾಯಿತಿ ಕೊಟ್ಟಿತು. ಅಲ್ಲಿಯವರೆಗೆ ಎಷ್ಟೋ ಮಂದಿಗೆ ತಮ್ಮ ಎಡಿಟರ್ ಅಲ್ಲೂ ಒಂದು ಕಾಲಿಟ್ಟಿದೆ ಎಂಬುದೇ ಹೊಳೆದಿರಲಿಲ್ಲ.

ಡಿಬಿ1, ಡಿಬಿ2

ಒಳ್ಳೆಯ ಎಂಜಿನಿಯರಿಂಗ್ ಎಂದರೆ ತೊಡಕನ್ನು ಮುಚ್ಚಿಡುವುದು, ಬಳಕೆದಾರನಿಗೆ ಯಂತ್ರ ಎಲ್ಲಿದೆ ಎಂಬ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಈ ವಾದಕ್ಕೆ 1994ರಲ್ಲೇ ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೋ ಮತ್ತು ಮೂವರು ಸಂಗಾತಿಗಳು ಉತ್ತರ ಕೊಟ್ಟಿದ್ದರು. ಹತ್ತಿರದ ಕೆಲಸಕ್ಕೂ ದೂರದ ಕೆಲಸಕ್ಕೂ ಇರುವ ವ್ಯತ್ಯಾಸ ವೇಗದ್ದಷ್ಟೇ ಅಲ್ಲ ಎಂಬುದು ಅವರ ನಿಲುವು. ಹತ್ತಿರದ ಯಂತ್ರ ಕೆಟ್ಟರೆ ಪೂರ್ತಿ ಕೆಡುತ್ತದೆ. ದೂರದ್ದು ಅರೆಬರೆ ಕೆಡುತ್ತದೆ: ಕಮಾಂಡ್ ತಲುಪಿ, ಕೆಲಸ ನಡೆದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬಹುದು. ಆಗ ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯುವ ಬಗೆಯೇ ಇರದು. ಸರ್ವರ್ ಅಪ್‌ಗ್ರೇಡ್ ಮಧ್ಯೆ ವೈಫೈ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಸಂಪರ್ಕ ಕಡಿದರೂ ಕೆಲಸವನ್ನು ಮುಂದುವರಿಸುವ ಸ್ಕ್ರೀನ್, ಟಿಮಕ್ಸ್ ಮುಂತಾದ ಸಲಕರಣೆಗಳು ಇಂದಿಗೂ ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಹತ್ತಿರ, ದೂರ ಎರಡೂ ಒಂದೇ ಎಂದು ನಟಿಸುವ ವ್ಯವಸ್ಥೆಗಳು ದೊಡ್ಡದಾಗುತ್ತಿದ್ದಂತೆ ಮುರಿಯುತ್ತವೆ ಎಂದು ವಾಲ್ಡೋ ಮತ್ತು ಸಂಗಾತಿಗಳು ಎಚ್ಚರಿಸಿದ್ದರು.

ಕಣ್ಣಿಗೆ ರಾಚುವ ನಿದರ್ಶನ 2017ರ ಜನವರಿ 31ರದು. ಗಿಟ್‌ಲ್ಯಾಬ್ ಎಂಬ ಕೋಡ್ ಸಂಗ್ರಹ ಸೇವೆಯಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು. ಡಿಬಿ1 ಮುಖ್ಯ, ಡಿಬಿ2 ಅದರ ನಕಲು. ಅಂದು ಸ್ಪ್ಯಾಮ್ ದಾಳಿಯಿಂದ ಹೊರೆ ಹೆಚ್ಚಿ ನಕಲು ಹಿಂದೆ ಬಿತ್ತು. ನಕಲಿನ ಖಾಲಿ ಡೈರೆಕ್ಟರಿಯನ್ನು ತೆಗೆದು ಮೊದಲಿನಿಂದ ಶುರು ಮಾಡೋಣವೆಂದು ಎಂಜಿನಿಯರ್ ಒಬ್ಬರು ರಾತ್ರಿ ಹನ್ನೊಂದರ ಸುಮಾರಿಗೆ ಅಳಿಸುವ ಕಮಾಂಡ್ ಕೊಟ್ಟರು. ಕೊಟ್ಟದ್ದು ಡಿಬಿ1ರಲ್ಲಿ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್‌ಗಳನ್ನು ತೆಗೆದು ನೋಡಿದರೆ ಒಂದೊಂದೂ ಕೈಕೊಟ್ಟಿತ್ತು. ಅದೇ ಎಂಜಿನಿಯರ್ ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಕಂಪನಿಯನ್ನು ಉಳಿಸಿತು. ಎರಡು ಯಂತ್ರಗಳ ಹೆಸರುಗಳ ನಡುವೆ ಇದ್ದದ್ದು ಒಂದೇ ಒಂದು ಅಂಕಿಯ ವ್ಯತ್ಯಾಸ. ಗಿಟ್‌ಲ್ಯಾಬ್ ಆ ವ್ಯಕ್ತಿಯನ್ನು ಬಲಿಪಶು ಮಾಡಲಿಲ್ಲ. ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು, ಲೋಪಗಳನ್ನೆಲ್ಲ ಬಹಿರಂಗವಾಗಿ ಬರೆಯಿತು. ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು: ಯಾವ ಯಂತ್ರ, ಯಾವ ಪರಿಸರ ಎಂಬುದು ಪ್ರಾಂಪ್ಟ್‌ನಲ್ಲೇ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು.

ಗಮನವಿಟ್ಟು ಕೆಲಸ ಮಾಡಿದರೆ ಇಂಥದ್ದೆಲ್ಲ ಆಗುವುದಿಲ್ಲ, ಅನುಭವಿಗಳು ಎಡವುವುದಿಲ್ಲ ಎಂಬುದು ಎರಡನೇ ಆಕ್ಷೇಪ. ಇದು ಒಪ್ಪತಕ್ಕದ್ದಲ್ಲ. ರಾತ್ರಿ ಹನ್ನೊಂದಕ್ಕೆ, ಒತ್ತಡದ ನಡುವೆ, ಮುಖ್ಯ ಡೇಟಾಬೇಸ್‌ಗೆ ಕೈಹಾಕುವ ಅಧಿಕಾರ ಸಿಕ್ಕುವುದು ಅನುಭವಿಗಳಿಗೇ. ನಮ್ಮ ಲೈನ್‌ಮನ್ ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ಪಡೆಯಬೇಕು, ಯಾವ ಫೀಡರ್ ಎಂದು ಇಬ್ಬರೂ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವಿದೆ. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೂ ಅದರಿಂದ ವಿನಾಯಿತಿ ಇಲ್ಲ. ಅದು ಅವರ ಜಾಣ್ಮೆಗೆ ಅವಮಾನವಲ್ಲ. ಗುಂಡಿ ಒತ್ತುವವನಿಗೆ ತಂತಿ ಕಾಣದು ಎಂಬ ಸತ್ಯಕ್ಕೆ ಕೊಟ್ಟ ಮನ್ನಣೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಮನುಷ್ಯರು ನಿಜವಾದ ಸೇವೆ ನಡೆಯುವ ಪ್ರೊಡಕ್ಷನ್ ಸರ್ವರ್‌ಗೆ ಹೋಗಿ ಕಮಾಂಡ್ ಕೊಡುವುದೇ ತಪ್ಪು, ಎಲ್ಲವನ್ನೂ ಸ್ವಯಂಚಾಲಿತ ಸ್ಕ್ರಿಪ್ಟ್‌ಗಳಿಗೆ ವಹಿಸಿದರೆ ಎಡಿಟರ್‌ನ ಪ್ರಶ್ನೆಯೇ ಏಳದು ಎನ್ನುತ್ತಾರೆ ಹಲವರು. ಸಾಧ್ಯವಾದಷ್ಟೂ ಹಾಗೆ ಮಾಡಬೇಕು, ನಿಜ. ಆದರೆ ಗಿಟ್‌ಲ್ಯಾಬ್ ಘಟನೆಯ ಮರು ತಿಂಗಳೇ, 2017ರ ಫೆಬ್ರವರಿ 28ರಂದು, ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಉತ್ತರ ವರ್ಜೀನಿಯಾದಲ್ಲಿ ಸುಮಾರು ನಾಲ್ಕು ಗಂಟೆ ಕುಸಿಯಿತು. ಅಲ್ಲಿ ಸಿಬ್ಬಂದಿ ಬಳಸಿದ್ದು ಸಿದ್ಧ ವಿಧಾನದಲ್ಲಿದ್ದ ಅಧಿಕೃತ ಕಮಾಂಡನ್ನೇ. ಒಂದು ಇನ್‌ಪುಟ್ ತಪ್ಪಾಗಿ, ಕೆಲವೇ ಸರ್ವರ್‌ಗಳ ಬದಲು ದೊಡ್ಡ ಗುಂಪೇ ಹೊರಬಿತ್ತು. ಸೇವೆಯ ಸ್ಥಿತಿ ತಿಳಿಸುವ ಫಲಕವೂ ಎಸ್3 ಮೇಲೆಯೇ ನಿಂತಿದ್ದರಿಂದ ಅದನ್ನು ಬದಲಿಸಲೂ ಆಗಲಿಲ್ಲ. ಸ್ಕ್ರಿಪ್ಟ್ ಬಂದ ಮಾತ್ರಕ್ಕೆ ದೂರದ ಅಪಾಯ ಕಡಿಮೆಯಾಗುವುದಿಲ್ಲ, ಒಂದು ಯಂತ್ರದಿಂದ ನೂರಕ್ಕೆ ಹರಡಬಹುದು. ಅಮೆಜಾನ್ ಆಮೇಲೆ ಮಾಡಿದ ತಿದ್ದುಪಡಿ ಗಮನಾರ್ಹ: ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸದಂತೆ ಸಲಕರಣೆಯನ್ನೇ ಬದಲಿಸಿತು. ಸಿಬ್ಬಂದಿಗೆ ಹುಷಾರಾಗಿರಿ ಎಂದಷ್ಟೇ ಹೇಳಿ ಬಿಡಲಿಲ್ಲ.

ದಾರಿ ಎರಡೂ ಕಡೆಗೆ ತೆರೆದಿರುತ್ತದೆ

ದೂರ ಮರೆತಾಗ ಇನ್ನೊಂದು ಸಂಗತಿಯೂ ಮರೆಯುತ್ತದೆ. ನಾವು ಅಲ್ಲಿಗೆ ಹೋಗುವ ದಾರಿಯಲ್ಲೇ ಅಲ್ಲಿನವರು ಇಲ್ಲಿಗೂ ಬರಬಲ್ಲರು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡರು. ಬೆನ್ನುಹತ್ತಿ ಹೋದರೆ ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ ಕೂತು ಅಮೆರಿಕದ ಸೇನಾ ಕಂಪ್ಯೂಟರ್‌ಗಳನ್ನು ಜಾಲಾಡಿ ಮಾಹಿತಿಯನ್ನು ಕೆಜಿಬಿಗೆ ಮಾರುತ್ತಿದ್ದ ಗುಂಪು. ಒಳನುಗ್ಗಿದವನು ಪ್ರಯೋಗಾಲಯದ ಯಂತ್ರದ ಪೂರ್ಣ ಅಧಿಕಾರ ಪಡೆದದ್ದು ಈಮ್ಯಾಕ್ಸ್ ಎಡಿಟರ್ ಮೂಲಕ. ಅದರ ಮೂವ್‌ಮೇಲ್ ಎಂಬ ಪುಟ್ಟ ಅಂಗಕ್ಕೆ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಟ್ಟು ಸ್ಥಾಪಿಸಲಾಗಿತ್ತು. ಬರೆಯಲೆಂದು ಇಟ್ಟ ಸಲಕರಣೆಗೆ ಯಂತ್ರವನ್ನಾಳುವ ಶಕ್ತಿಯೂ ಇದೆ ಎಂದು ಯಾರೂ ಯೋಚಿಸಿರಲಿಲ್ಲ. ಇಂದಿಗೂ ಇದೇ ಪ್ರಶ್ನೆ ಜೀವಂತ. ದೂರದ ಯಂತ್ರ ಕಳ್ಳರ ವಶವಾಗಿದ್ದರೆ ಈ ಸಂಪರ್ಕದ ಮೂಲಕ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಕೋಡ್ ನಡೆಸಬಹುದು ಎಂದು ವಿಎಸ್ ಕೋಡ್‌ನ ರಿಮೋಟ್ ವಿಸ್ತರಣೆಯ ವಿವರಣೆಯಲ್ಲೇ ಮೈಕ್ರೋಸಾಫ್ಟ್ ಎಚ್ಚರಿಸುತ್ತದೆ. ಸ್ಥಾಪಿಸುವವರು ಆ ಸಾಲನ್ನು ಓದಿಯೇ ಮುಂದೆ ಹೋಗಬೇಕು.

ಚೌಕಟ್ಟು: ಅರ್ಧ ಸೆಕೆಂಡಿನ ಅನುಮಾನ
2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಪರೀಕ್ಷಾ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎನಿಸಿತು: 0.3 ಸೆಕೆಂಡ್ ಆಗಬೇಕಾದ್ದು 0.8. ಹುಡುಕಿದಾಗ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ ಹಿಂಬಾಗಿಲು ಸಿಕ್ಕಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಒಬ್ಬ ಅನಾಮಿಕ ಅದನ್ನು ಸೇರಿಸಿದ್ದ. ಅಪಾಯದ ಅಂಕ ಹತ್ತಕ್ಕೆ ಹತ್ತು. ಬಹುಪಾಲು ಸರ್ವರ್‌ಗಳಿಗೆ ಹರಡುವ ಮುನ್ನವೇ ಸಿಕ್ಕಿಬಿದ್ದದ್ದು, ಒಬ್ಬರು ವಿಳಂಬವನ್ನು ಕಡೆಗಣಿಸದೆ ಅಳೆದದ್ದರಿಂದ.

ದೂರದ ಅರಿವು ಉಳಿಸಿದರೆ ಕೆಲಸ ನಿಧಾನವಾಗುತ್ತದೆ ಎಂಬ ದೂರಿಗೆ ಮಾಶ್ ಎಂಬ ಸಲಕರಣೆ ನೇರ ಉತ್ತರ. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ ಪ್ರಕಟಿಸಿದ ಈ ತಂತ್ರಾಂಶ, ಸರ್ವರ್ ಏನು ತೋರಿಸಬಹುದೆಂದು ಊಹಿಸಿ ಅಕ್ಷರವನ್ನು ತಕ್ಷಣವೇ ಪರದೆಗೆ ತರುತ್ತದೆ. ಅವರ ಪರೀಕ್ಷೆಯಲ್ಲಿ ಮೊಬೈಲ್ ಜಾಲದ ಮೇಲೆ ಎಸ್‌ಎಸ್‌ಎಚ್‌ನ ಮಧ್ಯಮ ವಿಳಂಬ 503 ಮಿಲಿಸೆಕೆಂಡ್. ಮಾಶ್ ಶೇ 70ರಷ್ಟು ಕೀ ಒತ್ತುಗಳಿಗೆ ತಕ್ಷಣವೇ ಉತ್ತರಿಸಿತು. ಈ ಲೇಖನದ ವಾದಕ್ಕೆ ಮುಖ್ಯವಾದದ್ದು ಅದರ ಇನ್ನೊಂದು ಗುಣ. ಜಾಲ ನಿಧಾನವಾಗಿದ್ದಾಗ, ಸರ್ವರ್ ಇನ್ನೂ ಒಪ್ಪಿಗೆ ಕೊಡದ ಅಕ್ಷರಗಳ ಕೆಳಗೆ ಅದು ಗೆರೆ ಎಳೆಯುತ್ತದೆ. ಒಪ್ಪಿಗೆ ಬಂದ ಮೇಲೆ ಗೆರೆ ಮಾಯ. ವೇಗವೂ ಸಿಕ್ಕಿತು, ಸತ್ಯವೂ ಉಳಿಯಿತು. ಎಡಿಟರ್ ಮಾಡುವವರೆಲ್ಲ ಅಭ್ಯಾಸ ಮಾಡಬೇಕಾದ ಮಾದರಿ ಇದು.

ಬೆಂಗಳೂರಿಗೆ ಇದು ಪರರ ಸುದ್ದಿಯಲ್ಲ

ಕರ್ನಾಟಕದ ಮಟ್ಟಿಗೆ ಇದು ಜೀವನೋಪಾಯದ ವಿಷಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದ ಕಚೇರಿಗೆ ಕೊಂಡಿ ಹಾಕಿತು. ಇಲ್ಲಿ ಕೂತು ಅಲ್ಲಿನ ಕೆಲಸ ಮಾಡಬಹುದು ಎಂಬ ನಂಬಿಕೆಯ ಮೇಲೆಯೇ ಈ ನಗರದ ಮುಂದಿನ ನಾಲ್ಕು ದಶಕ ಕಟ್ಟಿಕೊಂಡಿತು. ಈಗ ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ಹುಡುಗ ಹುಡುಗಿಯರು ಮನೆಯಿಂದಲೇ ಜಗತ್ತಿನ ಬ್ಯಾಂಕು, ಆಸ್ಪತ್ರೆ, ವಿಮಾನ ಕಂಪನಿಗಳ ಸರ್ವರ್‌ಗಳಿಗೆ ಲಾಗಿನ್ ಆಗುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ ಶಕ್ತಿಯ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್‌ನಂಥ ಯಂತ್ರಗಳ ಬಳಕೆದಾರರಿಗೂ ದಾರಿ ಇದೇ: ಲಾಗಿನ್ ನೋಡ್‌ಗೆ ಹೋಗಿ, ಎಡಿಟರ್‌ನಲ್ಲಿ ಸ್ಕ್ರಿಪ್ಟ್ ಬರೆದು, ಕೆಲಸವನ್ನು ಸರದಿಗೆ ಹಾಕುವುದು. ಇಂಥ ಕೇಂದ್ರಗಳಲ್ಲಿ ಹೊಸ ವಿದ್ಯಾರ್ಥಿ ಸಾಮಾನ್ಯವಾಗಿ ಎಡವುವುದು ಲೆಕ್ಕದಲ್ಲಲ್ಲ. ಭಾರಿ ಪ್ರೋಗ್ರಾಮನ್ನು ಎಲ್ಲರೂ ಹಂಚಿಕೊಂಡ ಲಾಗಿನ್ ನೋಡ್‌ನಲ್ಲೇ ರನ್ ಮಾಡಿ ಉಳಿದವರ ಕೆಲಸ ನಿಲ್ಲಿಸಿಬಿಡುವಲ್ಲಿ. ಎಡಿಟರ್‌ನ ಟರ್ಮಿನಲ್ ಅವನಿಗೆ ಎಲ್ಲಿದ್ದೇನೆಂದು ಹೇಳಲಿಲ್ಲ, ಅಷ್ಟೇ. ಎಡಿಟರ್‌ಗಳು ತಂತಾವೇ ಹುಟ್ಟುಹಾಕುವ ಪ್ರಕ್ರಿಯೆಗಳು ಈ ನೋಡ್‌ಗಳಿಗೆ ಹೊರೆಯಾಗಿ, ಜಗತ್ತಿನ ಕೆಲವು ಕೇಂದ್ರಗಳು ಅವುಗಳ ಬಳಕೆಗೆ ಮಿತಿ ಹಾಕಿವೆ.

ಇನ್ನು ಎಡಿಟರ್‌ನೊಳಗೆ ಎಐ ಸಹಾಯಕಗಳು ಕೂತಿವೆ. ಅವು ಕಮಾಂಡ್ ಸೂಚಿಸುವುದಷ್ಟೇ ಅಲ್ಲ, ಅನುಮತಿ ಕೊಟ್ಟರೆ ತಾವೇ ರನ್ ಮಾಡುತ್ತವೆ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಸೇವೆಯ ಎಐ ಸಹಾಯಕ, ಬದಲಾವಣೆ ಮಾಡಕೂಡದೆಂದು ಬಳಕೆದಾರರು ಹೇಳಿದ್ದರೂ, ನಿಜ ಮಾಹಿತಿಯಿದ್ದ ಡೇಟಾಬೇಸನ್ನು ಅಳಿಸಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಅಭಿವೃದ್ಧಿಯ ಡೇಟಾಬೇಸ್ ಬೇರೆ, ಪ್ರೊಡಕ್ಷನ್ ಡೇಟಾಬೇಸ್ ಬೇರೆ ಇರುವಂತೆ ವ್ಯವಸ್ಥೆ ತಂದರು. ಮನುಷ್ಯನ ಕಣ್ಣಿಗೇ ಕಾಣದಂತೆ ಮಾಡಿದ ಗಡಿಯನ್ನು ಯಂತ್ರ ತಾನಾಗಿ ಕಾಣುತ್ತದೆಂದು ನಿರೀಕ್ಷಿಸುವುದು ಸಲ್ಲದು. ಗಡಿಯನ್ನು ಅಧಿಕಾರದಲ್ಲೇ ಕೆತ್ತಬೇಕು: ಓದುವ ಹಕ್ಕು ಸಾಕಾದಲ್ಲಿ ಅಳಿಸುವ ಹಕ್ಕು ಕೊಡಲೇಬಾರದು.

ಎಡಿಟರ್ ಕಟ್ಟುವವರಲ್ಲಿ ಒಂದು ಬೇಡಿಕೆ. ಯಂತ್ರದ ಹೆಸರನ್ನು ಪರದೆಯ ಮೂಲೆಗೆ ತಳ್ಳಬೇಡಿ. ಕಮಾಂಡ್ ಟೈಪ್ ಮಾಡುವ ಸಾಲಿನ ಪಕ್ಕದಲ್ಲೇ, ಕಣ್ಣು ಇರುವಲ್ಲೇ ಇಡಿ. ಅಳಿಸುವ ಕಮಾಂಡ್ ದೂರದ ಯಂತ್ರಕ್ಕೆ ಹೊರಟರೆ ಒಮ್ಮೆ ಹೆಸರು ಕೇಳಿ. ಈ ಪುಟ ಓದುತ್ತಿರುವ ಎಂಜಿನಿಯರ್‌ಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಬಾರಿ ಲಾಗಿನ್ ಆದ ಕೂಡಲೇ ಪ್ರೊಡಕ್ಷನ್ ಸರ್ವರ್‌ನ ಪ್ರಾಂಪ್ಟ್‌ಗೆ ಕೆಂಪು ಬಣ್ಣ ಕೊಡಿ, ಪರೀಕ್ಷಾ ಸರ್ವರ್‌ಗೆ ಬೇರೆಯದು. ಎಡಿಟರ್‌ನ ಕಿಟಕಿಗೂ ಅದೇ ಬಣ್ಣ ಇರಲಿ. ಶೆಲ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೆರಡು ಸಾಲು ಸೇರಿಸಿದರೆ ಆಯಿತು. ತಂಡದಲ್ಲಿ ಹೊಸದಾಗಿ ಸೇರಿದವರಿಗೂ ಅದನ್ನು ಮಾಡಿಕೊಡಿ.